ದಡ ಕಾಣದ ಕ್ರಿಸ್‌ಮಸ್ ಹಡಗು

ಸರೋವರವೆಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ನಿಶ್ಚಲವಾದ ತಿಳಿನೀರು, ಅಲ್ಲಲ್ಲಿ ಅರಳಿದ ತಾವರೆ, ದಡದಲ್ಲಿ ಕಲ್ಲಿನ ಸೋಪಾನ, ದೂರದಲ್ಲಿ ತೇಲುವ ಹಂಸಗಳ ಜೋಡಿ—ಕವಿಗಳು ಶತಮಾನಗಳಿಂದ ಬಣ್ಣಿಸಿ ಬಣ್ಣಿಸಿ ಕೈಗಿತ್ತ ಚಿತ್ರವದು. ಉತ್ತರ ಅಮೆರಿಕದ ಮಿಷಿಗನ್ ಸರೋವರದ ದಡದಲ್ಲಿ ನಿಂತವನಿಗೆ ಈ ಚಿತ್ರ ಕ್ಷಣಾರ್ಧದಲ್ಲಿ ಅಳಿಸಿಹೋಗುತ್ತದೆ. ಅಲ್ಲಿ ಎದುರು ದಡವೇ ಕಾಣದು. ಕಣ್ಣು ಹಾಯುವಷ್ಟು ದೂರವೂ ನೀರೇ ನೀರು. ಅದರ ಉದ್ದ ೩೦೭ ಮೈಲಿ. ಅತ್ಯಂತ ಅಗಲವಾದ ಎಡೆಯಲ್ಲಿ ೧೧೮ ಮೈಲಿ. ಅತ್ಯಂತ ಆಳವಾದ ಎಡೆಯಲ್ಲಿ ೯೨೩ ಅಡಿ. ಕರ್ನಾಟಕದ ವಿಸ್ತೀರ್ಣದ ಮೂರನೆಯ ಒಂದು ಪಾಲಿಗೆ ಕೊಂಚ ಕಡಮೆಯಾಗುವಷ್ಟು ನೆಲವನ್ನು ಈ ಒಂದು ಸರೋವರವೇ ಆವರಿಸಿದೆ. ಉಪ್ಪಿಲ್ಲವೆಂಬುದೊಂದನ್ನು ಬಿಟ್ಟರೆ ಅದು ಸಮುದ್ರವೇ ಸರಿ.

ಸಮುದ್ರಕ್ಕಿಲ್ಲದ ಒಂದು ಕ್ರೌರ್ಯವೂ ಅದಕ್ಕುಂಟು. ನವೆಂಬರು ತಿಂಗಳು ಬಂತೆಂದರೆ ಉತ್ತರ ಧ್ರುವದ ಕಡೆಯಿಂದ ಇಳಿದು ಬರುವ ಶೀತಮಾರುತವು ಬೇಸಗೆಯ ಬಿಸುಪನ್ನು ಇನ್ನೂ ಪೂರ್ತಿ ನೀಗದ ಆ ನೀರಿನ ಮೇಲೆ ಹಾಯುತ್ತದೆ. ಆಗ ಏಳುವ ಬಿರುಗಾಳಿಗೆ ಕೆಲವೇ ಗಂಟೆಗಳಲ್ಲಿ ಸರೋವರ ಕದಡಿ ಹುಚ್ಚೇಳುತ್ತದೆ. ಸಮುದ್ರದ ಅಲೆಗಳಂತೆ ನೀಳವಾಗಿ ಉರುಳಿ ಬರುವ ಅಲೆಗಳಲ್ಲ ಅವು. ಒಂದರ ಬೆನ್ನಿಗೊಂದು ಕಡಿದಾಗಿ ನುಗ್ಗಿ, ಹಡಗಿಗೆ ತಲೆಯೆತ್ತಲೂ ಬಿಡುವು ಕೊಡದ ಅಲೆಗಳು. ಸಿಹಿನೀರು ಉಪ್ಪುನೀರಿಗಿಂತ ಬೇಗ ಹೆಪ್ಪುಗಟ್ಟುವುದರಿಂದ, ಹಾರಿ ಬಿದ್ದ ತುಂತುರೆಲ್ಲ ಹಗ್ಗದ ಮೇಲೆ, ಪಟದ ಮೇಲೆ, ಸರಕಿನ ಮೇಲೆ ಮಂಜುಗಡ್ಡೆಯಾಗಿ ಕೂಡುತ್ತದೆ. ಹೊರಟಾಗ ಹಗುರವಾಗಿದ್ದ ಹಡಗು ದಾರಿಯಲ್ಲಿ ತಾನಾಗಿ ಭಾರವಾಗುತ್ತ ಹೋಗುತ್ತದೆ.

೧೯೧೨ನೆಯ ಇಸವಿಯ ನವೆಂಬರು ೨೩ರಂದು ಇಂತಹ ಒಂದು ಬಿರುಗಾಳಿಯಲ್ಲಿ 'ರೌಸ್ ಸಿಮನ್ಸ್' ಎಂಬ ಮರದ ಹಡಗು ಕಣ್ಮರೆಯಾಯಿತು. ಅದರ ಒಡಲಲ್ಲಿದ್ದ ಸರಕು ಚಿನ್ನವಲ್ಲ, ರೇಷ್ಮೆಯಲ್ಲ. ಷಿಕಾಗೋ ನಗರದ ಮಕ್ಕಳು ಬಾಗಿಲಲ್ಲಿ ನಿಂತು ಕಾಯುತ್ತಿದ್ದ ಕ್ರಿಸ್‌ಮಸ್ ಮರಗಳು.

ಮುದಿ ಹಡಗು

ರೌಸ್ ಸಿಮನ್ಸ್ ಹುಟ್ಟಿದ್ದು ೧೮೬೮ರಲ್ಲಿ, ಮಿಲ್ವಾಕಿ ನಗರದ ಹಡಗುಕಟ್ಟೆಯಲ್ಲಿ. ಉದ್ದ ೧೨೩ ಅಡಿ, ಅಗಲ ೨೭ ಅಡಿ, ಮೂರು ಕೂವೆಗಳು. ಇಂತಹ ಹಡಗಿಗೆ ಸ್ಕೂನರ್ ಎಂದು ಹೆಸರು. ಇದರ ಪಟಗಳು ಹಡಗಿಗೆ ಅಡ್ಡಲಾಗಿರದೆ, ಮುಂದಿನಿಂದ ಹಿಂದಕ್ಕೆ ಅದರ ಉದ್ದಕ್ಕೇ ಹರಡಿಕೊಂಡಿರುತ್ತವೆ. ಗಾಳಿ ಪಕ್ಕದಿಂದ ಬೀಸಿದರೂ ಅದನ್ನು ಹಿಡಿದುಕೊಂಡು ಮುನ್ನಡೆಯಬಲ್ಲ, ಕೆಲವೇ ಆಳುಗಳು ನಡೆಸಬಲ್ಲ ಹಡಗಿದು. ಕೆನೋಷಾ ನಗರದ ವರ್ತಕನೊಬ್ಬನ ಹೆಸರನ್ನೇ ಅದಕ್ಕಿಟ್ಟಿದ್ದರು. ಮಸ್ಕೀಗನ್ ಪಟ್ಟಣದ ಮರದ ವ್ಯಾಪಾರಿ ಚಾರ್ಲ್ಸ್ ಹ್ಯಾಕ್ಲಿಯ ಒಡೆತನದಲ್ಲಿ ಅದು ಬಹುಕಾಲ ದುಡಿಯಿತು. ಉತ್ತರದ ಕಾಡುಗಳ ಮರವನ್ನು ದಕ್ಷಿಣದ ಊರುಗಳಿಗೆ ಹೊತ್ತು ಹೊತ್ತು ಅದರ ಬೆನ್ನು ಸವೆಯಿತು.

ಒಂದು ಕಾಲಕ್ಕೆ ಆ ಮಹಾಸರೋವರಗಳ ಮೇಲೆ ಇಂತಹ ಹಾಯಿಹಡಗುಗಳು ಸಾವಿರಕ್ಕೂ ಮಿಕ್ಕಿ ಓಡಾಡುತ್ತಿದ್ದವು. ಆಮೇಲೆ ಉಗಿಹಡಗುಗಳು ಬಂದವು, ರೈಲುದಾರಿಗಳು ಬಂದವು. ಗಾಳಿಯನ್ನು ನಂಬಿ ಬಾಳುವವನಿಗೆ ಸಿಗುತ್ತಿದ್ದ ಬಾಡಿಗೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಬಾಡಿಗೆ ಇಳಿದಾಗ ದುರಸ್ತಿಯೂ ಇಳಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ರೌಸ್ ಸಿಮನ್ಸ್ ಕೈಯಿಂದ ಕೈಗೆ ಸಾಗಿದ, ನಲವತ್ತು ದಾಟಿದ ಮುದಿ ಹಡಗಾಗಿತ್ತು. ಹಡಗುಗಳ ಲೆಕ್ಕದಲ್ಲಿ ಅದು ಸಣ್ಣ ವಯಸ್ಸೇನಲ್ಲ.

ಇದರ ಎಂಟನೆಯ ಒಂದು ಪಾಲನ್ನು ೧೯೧೦ರಲ್ಲಿ ಕೊಂಡು ಕಪ್ತಾನನಾಗಿ ನಿಂತವನು ಹರ್ಮನ್ ಷ್ಯೂನೆಮನ್.

ಕಪ್ತಾನ ಸಾಂಟಾ

ಹರ್ಮನ್ ಜರ್ಮನ್ ವಲಸೆಗಾರರ ಮನೆತನದವನು. ವಿಸ್ಕಾನ್ಸಿನ್ ಸಂಸ್ಥಾನದ ಅಹ್ನಪಿ ಎಂಬ ಊರು—ಇಂದು ಅದರ ಹೆಸರು ಆಲ್ಗೋಮಾ—ಅವನ ಹುಟ್ಟೂರು. ಮನೆಯಂಗಳದಿಂದ ಹೆಜ್ಜೆಯಿಟ್ಟರೆ ಸರೋವರ. ಅವನ ಅಣ್ಣ ಆಗಸ್ಟನೂ ನಾವಿಕನೇ. ಚಳಿಗಾಲದ ಮುನ್ನ ಸರಕಿನ ಓಡಾಟ ಮುಗಿಯುತ್ತ ಬರುವ ವೇಳೆಗೆ ಉತ್ತರದ ಕಾಡುಗಳಿಂದ ಸ್ಪ್ರೂಸ್ ಮತ್ತು ಫರ್ ಜಾತಿಯ ಎಳೆಯ ಮರಗಳನ್ನು ಕಡಿಸಿ ತಂದು ಷಿಕಾಗೋದಲ್ಲಿ ಮಾರುವುದು ಅಣ್ಣತಮ್ಮಂದಿರ ಕಸುಬಾಯಿತು. ಮನೆಯೊಳಗೆ ಮರ ನಿಲ್ಲಿಸಿ, ದೀಪ ಹಚ್ಚಿ ಕ್ರಿಸ್‌ಮಸ್ ಆಚರಿಸುವ ಪದ್ಧತಿ ಜರ್ಮನರೊಂದಿಗೆ ಅಮೆರಿಕಕ್ಕೆ ಬಂದು ಎಲ್ಲರ ಮನೆಗಳಲ್ಲೂ ಬೇರೂರಿತ್ತು. ೧೯೧೦ರ ಹೊತ್ತಿಗೆ ಷಿಕಾಗೋದ ಜನಸಂಖ್ಯೆ ಸುಮಾರು ಇಪ್ಪತ್ತೆರಡು ಲಕ್ಷ. ಅಷ್ಟು ಜನರ ಊರಿನಲ್ಲಿ ಹಸಿರು ಮರಕ್ಕೆ ಗಿರಾಕಿಗಳ ಕೊರತೆಯೆಲ್ಲಿ?

ಆದರೆ ಆ ವ್ಯಾಪಾರದ ಬೆಲೆ ಎಷ್ಟೆಂಬುದನ್ನು ಆ ಕುಟುಂಬ ಬೇಗನೆ ತಿಳಿದುಕೊಂಡಿತು. ೧೮೯೮ರ ನವೆಂಬರಿನಲ್ಲಿ ಆಗಸ್ಟನು 'ಎಸ್. ಥಾಲ್' ಎಂಬ ಸ್ಕೂನರಿನಲ್ಲಿ ಮರಗಳನ್ನು ತುಂಬಿಕೊಂಡು ಬರುತ್ತಿದ್ದಾಗ, ಷಿಕಾಗೋಗೆ ಇನ್ನೇನು ಹತ್ತಿರವಾಯಿತೆನ್ನುವಾಗ, ಗ್ಲೆಂಕೋ ಬಳಿ ಬಿರುಗಾಳಿಗೆ ಸಿಕ್ಕಿದನು. ಹಡಗಿನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಹರ್ಮನ್ ಆ ಪಯಣದಲ್ಲಿರಲಿಲ್ಲ. ಹಿಂದಿನ ತಿಂಗಳಷ್ಟೇ ಅವನ ಹೆಂಡತಿ ಬಾರ್ಬರಾ ಅವಳಿ ಹೆಣ್ಣುಮಕ್ಕಳನ್ನು ಹಡೆದಿದ್ದಳು. ಅವನು ಬಾಣಂತಿಯ ಬಳಿಯಲ್ಲಿ ಉಳಿದಿದ್ದನು.

ಅಣ್ಣನನ್ನು ನುಂಗಿದ ನೀರಿಗೆ ತಮ್ಮ ಮತ್ತೆ ಇಳಿದನು. ಹೊಟ್ಟೆಪಾಡೆಂಬುದು ಹಾಗೆ; ಅದಕ್ಕೆ ಶೋಕದ ಲೆಕ್ಕವಿಲ್ಲ. ಮನೆಯಲ್ಲಿ ಹೆಂಡತಿ, ಹಿರಿಯ ಮಗಳು ಎಲ್ಸಿ, ಅವಳಿಗಳಾದ ಪರ್ಲ್ ಮತ್ತು ಹೇಜಲ್. ವ್ಯಾಪಾರವೇನೂ ಸದಾ ಕೈಹಿಡಿಯಲಿಲ್ಲ. ೧೯೦೭ರಲ್ಲಿ ಸಾಲ ತೀರಿಸಲಾರದೆ ನ್ಯಾಯಾಲಯದಲ್ಲಿ ದಿವಾಳಿಯ ಅರ್ಜಿ ಹಾಕುವ ಸ್ಥಿತಿಯೂ ಅವನಿಗೆ ಬಂತು.

ಇಷ್ಟಾದರೂ ಷಿಕಾಗೋದ ಜನಕ್ಕೆ ಆತ ಕಂಡದ್ದು ಸಾಲಗಾರನಾಗಿ ಅಲ್ಲ. ಕ್ಲಾರ್ಕ್ ಬೀದಿಯ ಸೇತುವೆಯ ಪಕ್ಕದ ಕಟ್ಟೆಗೆ ಅವನ ಹಡಗು ಬಂದು ತಂಗಿತೆಂದರೆ ಊರಿಗೆ ಹಬ್ಬ ಬಂತೆಂದೇ ಅರ್ಥ. ಕೂವೆಗಳ ನಡುವೆ ವಿದ್ಯುದ್ದೀಪಗಳ ಸಾಲು, ತುದಿಯಲ್ಲೊಂದು ಮರ, ಹಡಗಿನ ತುಂಬ ಕಾಡಿನ ಕಂಪು. ತಾಯಿ ತಂದೆಯರು ಮಕ್ಕಳ ಕೈಹಿಡಿದು ಹಲಗೆಯೇರಿ ಬಂದು ತಮಗೆ ಬೇಕಾದ ಮರವನ್ನು ಆರಿಸಿಕೊಳ್ಳುತ್ತಿದ್ದರು. ಬೆಲೆ ಅರ್ಧ ಡಾಲರಿನಿಂದ ಒಂದು ಡಾಲರು. ಬಾರ್ಬರಾ ಮತ್ತು ಹೆಣ್ಣುಮಕ್ಕಳು ಹಸಿರು ರೆಂಬೆಗಳನ್ನು ಹೆಣೆದು ಮಾಲೆಗಳನ್ನೂ ತೋರಣಗಳನ್ನೂ ಮಾಡಿ ಮಾರುತ್ತಿದ್ದರು. ದಲ್ಲಾಳಿಯ ಕೈಗೆ ಹೋಗದೆ ಹಡಗಿನಿಂದಲೇ ಮಾರುತ್ತಿದ್ದುದರಿಂದ ಗಿರಾಕಿಗೂ ಅಗ್ಗ, ಕಪ್ತಾನನಿಗೂ ನಾಲ್ಕು ಕಾಸು. ಕೊಳ್ಳಲಾರದ ಬಡ ಸಂಸಾರಗಳಿಗೂ ಇಗರ್ಜಿಗಳಿಗೂ ಆತ ಮರಗಳನ್ನು ದಾನವಾಗಿ ಕೊಡುತ್ತಿದ್ದನು. ಜನ ಅವನನ್ನು 'ಕಪ್ತಾನ ಸಾಂಟಾ' ಎಂದು ಕರೆದರು. ನಗುಮೊಗದ ಆ ಮನುಷ್ಯನಿಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತಿತ್ತು.

ಶುಕ್ರವಾರದ ಪಯಣ

೧೯೧೨ರ ನವೆಂಬರು ೨೨, ಶುಕ್ರವಾರ. ಮಿಷಿಗನ್ ಸಂಸ್ಥಾನದ ಉತ್ತರ ತೀರದಲ್ಲಿರುವ ಥಾಮ್ಸನ್ ಎಂಬ ಪುಟ್ಟ ಬಂದರಿನಿಂದ ರೌಸ್ ಸಿಮನ್ಸ್ ಹೊರಟಿತು. ಷಿಕಾಗೋ ಅಲ್ಲಿಂದ ಸುಮಾರು ಮುನ್ನೂರು ಮೈಲಿ. ಒಡಲಲ್ಲಿ ಹಿಡಿಸುವಷ್ಟು ಮರಗಳನ್ನು ಒತ್ತಿ ತುಂಬಿ, ಮಿಕ್ಕವನ್ನು ಮೇಲುಹಲಗೆಯ ಮೇಲೆ ಕಟ್ಟಿದ್ದರು. ಮೂರು ಸಾವಿರದಿಂದ ಐದು ಸಾವಿರ ಮರಗಳಿದ್ದುವೆಂದು ಅಂದಾಜು. ದೂರದಿಂದ ನೋಡಿದವರಿಗೆ ಕಾಡಿನ ತುಂಡೊಂದು ನೀರಿನ ಮೇಲೆ ತೇಲಿದಂತೆ ಕಾಣುತ್ತಿದ್ದಿರಬೇಕು.

ಶುಕ್ರವಾರ ಹಡಗು ಬಿಡುವುದು ಅಶುಭವೆಂದು ಪಾಶ್ಚಾತ್ಯ ನಾವಿಕರಲ್ಲಿ ಹಳೆಯ ನಂಬಿಕೆ—ನಮ್ಮಲ್ಲಿ ರಾಹುಕಾಲದಲ್ಲಿ ಹೊಸ್ತಿಲು ದಾಟಲು ಹಿಂಜರಿಯುವಂತೆ. ಹೊರಡುವ ಮುನ್ನ ಇಲಿಗಳು ಹಡಗನ್ನು ಬಿಟ್ಟು ಓಡಿದುವೆಂದೂ, ಅದನ್ನು ಕಂಡು ಕೆಲವು ಆಳುಗಳು ಹಿಂದೆ ಸರಿದರೆಂದೂ ಆಮೇಲೆ ಕಥೆಗಳು ಹುಟ್ಟಿಕೊಂಡವು. ದುರಂತವಾದ ಮೇಲೆ ಶಕುನಗಳಿಗೆ ಬರವಿಲ್ಲ. ಆದರೆ ಕಪ್ತಾನನ ಮುಂದಿದ್ದ ಲೆಕ್ಕ ಶಕುನದ್ದಲ್ಲ, ದಿನಗಳದ್ದು. ಹಬ್ಬಕ್ಕೆ ಉಳಿದಿದ್ದುದು ಒಂದೇ ತಿಂಗಳು. ತಡವಾಗಿ ತಲಪಿದ ಕ್ರಿಸ್‌ಮಸ್ ಮರಕ್ಕೆ ಸೌದೆಯ ಬೆಲೆಯೂ ಇಲ್ಲ. ವರ್ಷವಿಡೀ ಮಾಡಿದ ಸಾಲ, ಮನೆಯ ಚಳಿಗಾಲದ ಅನ್ನ, ಆಳುಗಳ ಕೂಲಿ ಎಲ್ಲವೂ ಆ ಹಸಿರು ರಾಶಿಯಲ್ಲೇ ಅಡಗಿದ್ದವು.

ಹಡಗಿನಲ್ಲಿದ್ದವರು ಹದಿನಾರು ಹದಿನೇಳು ಮಂದಿ ಎನ್ನುತ್ತಾರೆ. ಹಡಗಿನ ಮತ್ತೊಬ್ಬ ಪಾಲುದಾರನಾದ ಕಪ್ತಾನ ಚಾರ್ಲ್ಸ್ ನೆಲ್ಸನ್ ಅವರಲ್ಲೊಬ್ಬ. ಕಾಡಿನ ಕೆಲಸ ಮುಗಿಸಿ ಹಬ್ಬಕ್ಕೆ ಊರಿಗೆ ಮರಳುತ್ತಿದ್ದ ಕೆಲವು ಮರಕಡಿಯುವವರೂ ಜೊತೆಗಿದ್ದರೆಂದು ಪ್ರತೀತಿ.

ಆ ಇಪ್ಪತ್ತು ನಿಮಿಷಗಳು

ಮರುದಿನ, ಶನಿವಾರ. ವಾಯವ್ಯದಿಂದ ಬಿರುಗಾಳಿ ಬೀಸುತ್ತಿತ್ತು. ವಿಸ್ಕಾನ್ಸಿನ್ ತೀರದ ಕೆವಾನಿ ಎಂಬಲ್ಲಿ ಸರ್ಕಾರದ ಜೀವರಕ್ಷಕ ದಳದ ಠಾಣ್ಯವಿತ್ತು. ಮಧ್ಯಾಹ್ನ ೨ ಗಂಟೆ ೫೦ ನಿಮಿಷದ ಸುಮಾರಿಗೆ ಠಾಣ್ಯದ ಮುಖ್ಯಸ್ಥ ನೆಲ್ಸನ್ ಕ್ರೇಟನಿಗೆ ದೂರದಲ್ಲೊಂದು ಸ್ಕೂನರ್ ಕಾಣಿಸಿತು. ದಡದಿಂದ ಐದಾರು ಮೈಲಿ ಆಚೆ, ದಕ್ಷಿಣಾಭಿಮುಖವಾಗಿ ಅದು ಧಾವಿಸುತ್ತಿತ್ತು. ಅದರ ಬಾವುಟ ಅರ್ಧಕ್ಕೆ ಇಳಿದಿತ್ತು. ನಾವಿಕರ ಭಾಷೆಯಲ್ಲಿ ಅದಕ್ಕೆ ಒಂದೇ ಅರ್ಥ: ಅಪಾಯದಲ್ಲಿದ್ದೇವೆ, ಕಾಪಾಡಿ.

ಕ್ರೇಟನ ಬಳಿಯಲ್ಲಿದ್ದುದು ಹುಟ್ಟು ಹಾಕಿ ನಡೆಸುವ ದೋಣಿಯೇ ಹೊರತು ಯಂತ್ರದ ದೋಣಿಯಲ್ಲ. ಗಾಳಿಯ ಬೆನ್ನೇರಿ ಓಡುತ್ತಿದ್ದ ಹಡಗನ್ನು ತೋಳ್ಬಲದಿಂದ ಹಿಂದಟ್ಟಿ ಹಿಡಿಯುವುದು ಅಸಾಧ್ಯ. ಬಂದರಿನಲ್ಲಿದ್ದ ಯಂತ್ರದ ಎಳೆದೋಣಿಯೊಂದನ್ನು ಕೇಳೋಣವೆಂದರೆ ಅದು ಆಗಲೇ ಹೊರಟುಹೋಗಿತ್ತು. ನೋಡುತ್ತಿದ್ದಂತೆಯೇ ಹಡಗು ದಕ್ಷಿಣಕ್ಕೆ ಸಾಗುತ್ತಿತ್ತು. ೩ ಗಂಟೆ ೧೦ ನಿಮಿಷಕ್ಕೆ ಆತ ಇಪ್ಪತ್ತು ಮೈಲಿಗೂ ಹೆಚ್ಚು ದೂರದ ಟೂ ರಿವರ್ಸ್ ಠಾಣ್ಯಕ್ಕೆ ಟೆಲಿಫೋನು ಮಾಡಿದನು. ಅಲ್ಲಿ ಯಂತ್ರದ ದೋಣಿಯಿತ್ತು. ಅಲ್ಲಿಯ ಮುಖ್ಯಸ್ಥ ಜಾರ್ಜ್ ಸಾಗ್ ಕ್ಷಣವೂ ತಡಮಾಡದೆ ತನ್ನ ಆಳುಗಳೊಂದಿಗೆ ನೀರಿಗಿಳಿದು, ಬರುತ್ತಿರುವ ಹಡಗನ್ನು ಎದುರುಗೊಳ್ಳಲು ಉತ್ತರಕ್ಕೆ ದೋಣಿ ನಡೆಸಿದನು.

ನವೆಂಬರಿನ ಆ ಅಕ್ಷಾಂಶದಲ್ಲಿ ಸಂಜೆ ಐದರೊಳಗೆ ಕತ್ತಲು. ಅದರ ಮೇಲೆ ಹಿಮ. ಹಡಗು ಇರಬೇಕಾದ ಎಡೆಯಲ್ಲೆಲ್ಲ ದೋಣಿ ತಿರುಗಿತು. ಎಲ್ಲಿಯೂ ಒಂದು ದೀಪವಿಲ್ಲ, ಒಂದು ಕೂಗಿಲ್ಲ. ಮಂಜುಗಡ್ಡೆ ಮುಚ್ಚಿ ಬೆಳ್ಳಗಾದ ಹಡಗನ್ನು ರಕ್ಷಕರು ಹಿಮದ ತೆರೆಯ ನಡುವೆ ಕ್ಷಣಕಾಲ ಕಂಡರೆಂದೂ, ಕೈಗೆ ಸಿಕ್ಕಿತೆನ್ನುವಾಗ ಅದು ಮಾಯವಾಯಿತೆಂದೂ ಮುಂದೆ ಹಲವರು ಬಣ್ಣಿಸಿದರು. ಠಾಣ್ಯದ ದಿನಚರಿ ಪುಸ್ತಕಗಳು ಹೇಳುವುದು ಬೇರೆ. ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿರುವ ಆ ಪುಸ್ತಕಗಳ ಪ್ರಕಾರ ಸಾಗನ ದೋಣಿಗೆ ಹಡಗು ಕಾಣಿಸಲೇ ಇಲ್ಲ. ಕಂಡು ಕಳೆದುಕೊಳ್ಳುವುದು ಕಥೆಗೆ ಚೆಂದ. ಕಾಣದೆಯೇ, ಬರಿಗೈಯಲ್ಲಿ ದಡಕ್ಕೆ ಮರಳಿದವರ ಮೌನ ಅದಕ್ಕಿಂತ ಕಠಿಣವಾದುದು.

ಕಾದವರು

ಷಿಕಾಗೋದ ಕಟ್ಟೆಯ ಬಳಿ ಹೆಂಡತಿ ಮಕ್ಕಳು ಕಾದರು. ಬಿರುಗಾಳಿಗೆ ಹೆದರಿ ಯಾವುದಾದರೂ ಕೊಲ್ಲಿಯಲ್ಲಿ ಆಶ್ರಯ ಪಡೆದಿರಬಹುದು, ಇಂದು ಬಂದಾನು, ನಾಳೆ ಬಂದಾನು ಎಂದು ದಿನಗಳನ್ನು ಎಣಿಸಿದರು. ಡಿಸೆಂಬರು ಬಂತು. ವಿಸ್ಕಾನ್ಸಿನ್ ತೀರದ ಬೆಸ್ತರ ಬಲೆಗಳಲ್ಲಿ ಮೀನಿನ ಬದಲು ಹಸಿರು ಮರಗಳು ಸಿಕ್ಕತೊಡಗಿದವು. ಇನ್ನು ಯಾರೂ ಏನನ್ನೂ ಹೇಳಬೇಕಾಗಿರಲಿಲ್ಲ.

ಇಂತಹ ಹೊತ್ತಿನಲ್ಲಿ ಬಾರ್ಬರಾ ಮಾಡಿದ ಕೆಲಸ ಎಂಥವರನ್ನೂ ಬೆರಗುಗೊಳಿಸುವಂಥದು. ಇಪ್ಪತ್ತು ವರ್ಷದ ಎಲ್ಸಿಯನ್ನು ಜೊತೆಗಿಟ್ಟುಕೊಂಡು ಆಕೆ ಗಂಡನ ವ್ಯಾಪಾರವನ್ನು ಕೈಗೆತ್ತಿಕೊಂಡಳು. ಮೈದುನನ ತಲೆಯಂತಿದ್ದ ಭಾವನನ್ನೂ, ಕೈಹಿಡಿದ ಗಂಡನನ್ನೂ ಕಸಿದುಕೊಂಡ ಅದೇ ಮರಗಳ ವ್ಯಾಪಾರ. ಅದನ್ನು ಬಿಟ್ಟರೆ ಆ ಮನೆಗೆ ಬೇರೆ ಬದುಕು ತಿಳಿದಿರಲಿಲ್ಲವೆನ್ನಬಹುದು. ಬಿಟ್ಟುಬಿಟ್ಟರೆ ಸತ್ತವನು ಎರಡನೆಯ ಬಾರಿ ಸತ್ತಂತೆ ಎಂದು ಆಕೆಗೆ ಅನ್ನಿಸಿತೆನ್ನಲೂಬಹುದು. ಕೆಲವು ವರ್ಷ ಹಡಗಿನಲ್ಲಿ, ಆಮೇಲೆ ರೈಲಿನಲ್ಲಿ ಮರಗಳು ಬಂದವು. ೧೯೩೩ರಲ್ಲಿ ತೀರಿಕೊಳ್ಳುವವರೆಗೂ ಷಿಕಾಗೋದ ಕ್ರಿಸ್‌ಮಸ್ ಮರಗಳೊಂದಿಗೆ ಬಾರ್ಬರಾಳ ಹೆಸರು ಕೂಡಿಕೊಂಡೇ ಇತ್ತು.

ಈ ನಡುವೆ ಸರೋವರ ತಾನು ಇಟ್ಟುಕೊಂಡದ್ದರಲ್ಲಿ ಒಂದನ್ನು ಹಿಂದಿರುಗಿಸಿತು. ೧೯೨೪ರಲ್ಲಿ ಟೂ ರಿವರ್ಸ್ ಬಳಿ ಬೆಸ್ತರ ಬಲೆಗೆ ಒಂದು ಸಣ್ಣ ಗಂಟು ಸಿಕ್ಕಿತು. ನೀರು ಹೀರದ ಎಣ್ಣೆಬಟ್ಟೆಯಲ್ಲಿ ಸುತ್ತಿ, ರಬ್ಬರಿನ ಪಟ್ಟಿ ಬಿಗಿದಿದ್ದ ಹಣದ ಚೀಲ. ಬಿಚ್ಚಿ ನೋಡಿದರೆ ಒಳಗಿನ ಕಾಗದಗಳು ಹಾಗೆಯೇ ಇದ್ದವು. ಅದು ಹರ್ಮನ್ ಷ್ಯೂನೆಮನ್ನನ ಚೀಲ. ಹನ್ನೆರಡು ವರ್ಷ ನೀರಿನಡಿಯಲ್ಲಿದ್ದೂ ಒದ್ದೆಯಾಗದ ಆ ಚೀಲ, ಕಪ್ತಾನ ಎಷ್ಟು ಜಾಗರೂಕ ಮನುಷ್ಯನೆಂಬುದಕ್ಕೆ ಸಾಕ್ಷಿಯಾಯಿತು. ಜಾಗರೂಕತೆಯೊಂದೇ ಸಾಲದೆಂಬುದಕ್ಕೂ ಅದೇ ಸಾಕ್ಷಿ.

ನೀರಿನಡಿಯ ಹಸಿರು

೧೯೭೧ರ ಅಕ್ಟೋಬರಿನಲ್ಲಿ ಮಿಲ್ವಾಕಿಯ ಮುಳುಗುಗಾರ ಗಾರ್ಡನ್ ಕೆಂಟ್ ಬೆಲ್‌ರಿಚರ್ಡ್ ಬೇರೊಂದು ಮುಳುಗಿದ ಹಡಗನ್ನು ಹುಡುಕುತ್ತಿದ್ದಾಗ, ಟೂ ರಿವರ್ಸ್‌ನ ಆಚೆ ನೀರಿನ ತಳದಲ್ಲಿ ಏನೋ ಇರುವಂತೆ ಧ್ವನಿತರಂಗದ ಉಪಕರಣ ಸೂಚಿಸಿತು. ಸುಮಾರು ೧೭೦ ಅಡಿ ಆಳಕ್ಕಿಳಿದು ನೋಡಿದಾಗ ಕಂಡದ್ದು ರೌಸ್ ಸಿಮನ್ಸ್. ಕಣ್ಮರೆಯಾಗಿ ಐವತ್ತೊಂಬತ್ತು ವರ್ಷಗಳಾಗುತ್ತ ಬಂದಿದ್ದವು. ಒಡಲಲ್ಲಿ ಮರಗಳು ಜೋಡಿಸಿದಂತೆಯೇ ಇದ್ದವು. ಕೆಲವುಗಳಲ್ಲಿ ಸೂಜಿಯಂಥ ಎಲೆಗಳು ಕೂಡ ಉದುರದೆ ಉಳಿದಿದ್ದವು. ಮೇಲಕ್ಕೆ ತಂದ ಮರವೊಂದನ್ನು ಮಿಲ್ವಾಕಿಯಲ್ಲಿ ಪ್ರದರ್ಶನಕ್ಕಿಟ್ಟರು.

ಇದು ಪವಾಡವಲ್ಲ. ಸಮುದ್ರದಲ್ಲಿ ಮುಳುಗಿದ ಮರವನ್ನು ಹಡಗುಹುಳು ಕೊರೆದು ಕೆಲವೇ ವರ್ಷಗಳಲ್ಲಿ ಜರಡಿ ಮಾಡುತ್ತದೆ. ಸಿಹಿನೀರಿನಲ್ಲಿ ಆ ಹುಳು ಬದುಕದು. ಆಳದ ನೀರು ಬೇಸಗೆಯಲ್ಲೂ ಕೊರೆಯುವಷ್ಟು ತಣ್ಣಗಿರುವುದರಿಂದ ಕೊಳೆಯುವ ಕ್ರಿಯೆಯೂ ಬಹು ನಿಧಾನ. ಕೊಂದ ಚಳಿಯೇ ಕಾಪಾಡಿಕೊಂಡು ಬಂದಿತ್ತು.

ಹಡಗು ಹೇಗೆ ಮುಳುಗಿತೆಂಬುದಕ್ಕೆ ತಳದಲ್ಲಿರುವ ಅವಶೇಷಗಳೇ ಅಷ್ಟಿಷ್ಟು ಉತ್ತರ ಹೇಳುತ್ತವೆ. ೨೦೦೬ರಲ್ಲಿ ವಿಸ್ಕಾನ್ಸಿನ್ ಐತಿಹಾಸಿಕ ಸಂಘದ ಪುರಾತತ್ವಜ್ಞರು ಮುಳುಗಿ ಅಳೆದು ನೋಡಿದರು. ಕೂವೆಗಳು ಮುಂದಕ್ಕೆ ಬಿದ್ದಿರುವ ರೀತಿಯನ್ನು ನೋಡಿದರೆ ಹಡಗು ಮೂತಿ ಮುಂದಾಗಿ ತಳಕ್ಕೆ ಧುಮುಕಿದಂತಿದೆ. ಲಂಗರಿನ ಸರಪಳಿಯ ಸ್ಥಿತಿಯಿಂದ, ಕೊನೆಯ ಗಳಿಗೆಯಲ್ಲಿ ಲಂಗರು ಇಳಿಸಿ ಹಡಗನ್ನು ಗಾಳಿಗೆ ಎದುರಾಗಿ ನಿಲ್ಲಿಸಲು ಕಪ್ತಾನ ಹೆಣಗಿರಬಹುದೆಂದು ಊಹಿಸುತ್ತಾರೆ. ಅದಕ್ಕೂ ಮುಂಚೆ, ೧೯೯೯ರಲ್ಲಿ, ಹಡಗಿನ ಚುಕ್ಕಾಣಿಯ ಚಕ್ರ ಮೀನುಬಲೆಯೊಂದಕ್ಕೆ ಸಿಕ್ಕಿತ್ತು. ಅದು ಸಿಕ್ಕಿದ್ದು ಹಡಗಿರುವ ತಾಣದಲ್ಲಲ್ಲ, ಅದಕ್ಕೆ ಉತ್ತರದಲ್ಲಿ. ಎಂದರೆ ಮುಳುಗುವ ಮುನ್ನವೇ ಚಕ್ರ ಮುರಿದು ನೀರಿಗೆ ಬಿದ್ದಿರಬೇಕು. ಚುಕ್ಕಾಣಿಯಿಲ್ಲದ ಹಡಗು, ಒದ್ದೆಯಾಗಿ ಹೆಪ್ಪುಗಟ್ಟಿದ ಮರಗಳ ಹೊರೆ, ಬೆನ್ನಟ್ಟಿ ಬರುವ ಅಲೆ—ಇವು ಮೂರೂ ಕೂಡಿದಲ್ಲಿ ಮನುಷ್ಯನ ಕೌಶಲಕ್ಕೆ ಎಡೆಯೆಲ್ಲಿಯದು?

೨೦೦೭ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಆ ತಾಣ ಸೇರಿತು. ಹಡಗಿನ ಲಂಗರು ಮಿಲ್ವಾಕಿಯ ಯಾಟ್ ಕ್ಲಬ್ಬಿನ ಮುಂದೆ ನಿಂತಿದೆ.

ಮರಳಿ ಬಂದ ಹಡಗು

ಕೆವಾನಿಯಲ್ಲಿ ಅಂದು ಯಂತ್ರದ ದೋಣಿಯಿದ್ದಿದ್ದರೆ? ಕರೆ ಇಪ್ಪತ್ತು ನಿಮಿಷ ಮೊದಲೇ ಹೋಗಿದ್ದರೆ? ಹೀಗೆ ಕೇಳಬಹುದು, ಕೇಳದಿರುವುದು ಕಷ್ಟ. ಆದರೆ ಮರುವರ್ಷವೇ, ೧೯೧೩ರ ನವೆಂಬರಿನಲ್ಲಿ, ಅದೇ ಮಹಾಸರೋವರಗಳ ಮೇಲೆ ಎದ್ದ ಬಿರುಗಾಳಿ ಉಕ್ಕಿನ ದೊಡ್ಡ ದೊಡ್ಡ ಹಡಗುಗಳನ್ನೂ ಬಿಡದೆ ೨೫೦ಕ್ಕೂ ಹೆಚ್ಚು ಜನರನ್ನು ಆಹುತಿ ತೆಗೆದುಕೊಂಡಿತು. ೧೯೧೫ರಲ್ಲಿ ಜೀವರಕ್ಷಕ ದಳ ಮತ್ತೊಂದು ಇಲಾಖೆಯೊಡನೆ ಕೂಡಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯಾಯಿತು.

ಅಂದು ಹಡಗನ್ನು ಕಾಪಾಡಲಾರದೆ ಹೋದ ದಳದ ಉತ್ತರಾಧಿಕಾರಿಯಾದ ಆ ಪಡೆಯೇ ಈಗ ಒಂದು ಋಣ ತೀರಿಸುತ್ತಿದೆ. ೨೦೦೦ನೆಯ ಇಸವಿಯಿಂದ 'ಮ್ಯಾಕಿನಾ' ಎಂಬ ಅದರ ಹಡಗು ಡಿಸೆಂಬರಿನ ಮೊದಲಲ್ಲಿ ಉತ್ತರದಿಂದ ಕ್ರಿಸ್‌ಮಸ್ ಮರಗಳನ್ನು ಹೊತ್ತು ಷಿಕಾಗೋಗೆ ಬರುವ ಪರಿಪಾಠ ಬೆಳೆದಿದೆ. ಮುದಿಯಾದ ಮೊದಲ ಮ್ಯಾಕಿನಾ ೨೦೦೬ರಲ್ಲಿ ನಿವೃತ್ತವಾದಾಗ ಅದೇ ಹೆಸರಿನ ಹೊಸ ಹಡಗು ಆ ಹೊಣೆಯನ್ನು ಹೊತ್ತಿತು. ಆ ಮರಗಳಿಗೆ ಬೆಲೆಯಿಲ್ಲ. ಅವು ಹೋಗುವುದು ಕೊಳ್ಳಲಾರದವರ ಮನೆಗಳಿಗೆ.

ಷಿಕಾಗೋದ ಅಕೇಸಿಯಾ ಪಾರ್ಕ್ ಸ್ಮಶಾನದಲ್ಲಿ ಬಾರ್ಬರಾಳ ಸಮಾಧಿಯಿದೆ. ಕಲ್ಲಿನ ಮೇಲೆ ಗಂಡಹೆಂಡಿರಿಬ್ಬರ ಹೆಸರುಗಳೂ ಇವೆ. ಎರಡು ಹೆಸರುಗಳ ನಡುವೆ ಒಂದು ಪುಟ್ಟ ಕ್ರಿಸ್‌ಮಸ್ ಮರವನ್ನು ಕೊರೆದಿದ್ದಾರೆ. ಕಲ್ಲಿನಡಿಯಲ್ಲಿ ಮಲಗಿರುವವಳು ಬಾರ್ಬರಾ ಒಬ್ಬಳೇ. ಹರ್ಮನ್ನನ ದೇಹ ದಡಕ್ಕೆ ಬರಲೇ ಇಲ್ಲ.